ಕೆರೆ ಹೂವಿನ ಬೆನ್ನು ಹತ್ತಿ ನಾಲ್ಕು ದಿನ

ಗುರುವಾರ ಮುಂಜಾನೆ ಏಳೂಕಾಲಿಗೆ ಬೈಲಹೊಂಗಲದ ಸ್ಟ್ಯಾಂಡಿನಲ್ಲಿ ಕಿತ್ತೂರು ಬಸ್ಸು ಹತ್ತಿದಾಗ ನನ್ನ ಬಗಲಲ್ಲಿ ಒಂದು ಖಾಲಿ ಗೋಣಿಚೀಲವಿತ್ತು, ಹೊಟ್ಟೆಯಲ್ಲಿ ನಮ್ಮ ಹೆಡ್‌ಮಾಸ್ತರರ ಮೇಲಿನ ಸಿಟ್ಟಿತ್ತು. ಟಿಕೆಟ್ಟು ಒಂಬತ್ತು ರೂಪಾಯಿ. ಹೊರಗೆ ಜೂನ್ ತಿಂಗಳ ಜಿನುಗು ಮಳೆ, ನನ್ನ ಕಿಟಕಿಯ ಗಾಜು ಮೇಲಕ್ಕೆ ಏಳುತ್ತಿರಲಿಲ್ಲ. ಕಂಡಕ್ಟರನಿಗೆ ಹೇಳಿದರೆ, "ಮಳಿಗಾಲ ಮುಗದ ಮ್ಯಾಲ ರಿಪೇರಿಗಿ ಹಾಕ್ತಾರ್ರಿ" ಎಂದ. ಗೋಣಿಚೀಲವನ್ನೇ ತಲೆಯ ಮೇಲೆ ಹೊದ್ದುಕೊಂಡು ಕುಳಿತೆ.

ಸಿಟ್ಟಿನ ಮೂಲ ಒಂದು ಕೆಸರಿನ ಮೂಲೆ. ನಾನು ಬೈಲಹೊಂಗಲದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಮಕ್ಕಳು ನಲ್ಲಿಯ ಕೆಳಗೆ ಊಟದ ಡಬ್ಬಿ ತೊಳೆದ ನೀರೆಲ್ಲ ಕಾಂಪೌಂಡಿನ ಮೂಲೆಗೆ ಹರಿದು, ಅಲ್ಲಿ ವರ್ಷದ ಹನ್ನೆರಡು ತಿಂಗಳೂ ರಾಡಿ. ಹೆಡ್‌ಮಾಸ್ತರರು ಅದಕ್ಕೆ ಸಿಮೆಂಟ್ ಹಾಕಿಸಲು ಹೊರಟರು. ಹಸಿ ನೆಲ ಕಂಡಲ್ಲೆಲ್ಲ ಸಿಮೆಂಟ್ ಸುರಿಯುವುದು ನಮ್ಮ ಕಾಲದ ಒಂದು ರೋಗ. ರಾಡಿಯಲ್ಲೇ ಬಾಳುವ ಗಿಡಗಳಿವೆ, ನಮ್ಮ ಕೆರೆ ದಂಡೆಯವು, ಅವನ್ನು ಹಚ್ಚೋಣ ಎಂದು ನಾನು ವಾದಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಬರೇ ಬಾಯಿ ಮಾತ ಬ್ಯಾಡ ಮಾಸ್ತರ. ಗಿಡಾ ತಂದ ತೋರಸ್ರಿ. ಸೋಮವಾರ ಹತ್ತರ ತನಕಾ ಕಾಯತೇನಿ. ಆಮ್ಯಾಲ ಸಿಮೆಂಟ ಹಾಕಾಕ ಗೌಂಡಿ ಬರ್ತಾನ" ಎಂದರು. ಶನಿವಾರದವರೆಗೆ ರಜೆ ಬರೆದುಕೊಟ್ಟು ಹೊರಬಿದ್ದೆ. ಭಾನುವಾರ ಹೇಗೂ ರಜೆಯೇ.

ನನಗೆ ಬೇಕಾದದ್ದು ಒಂದೇ ಹೂವು. ನಮ್ಮ ಅವ್ವ ಅದಕ್ಕೆ ಕೆರಿ ಹೂ ಎನ್ನುತ್ತಿದ್ದಳು, ಬೇರೆ ಹೆಸರು ನನಗೆ ಗೊತ್ತಿಲ್ಲ. ನೆಲದೊಳಗೆ ಉಳ್ಳಾಗಡ್ಡಿಯಂಥ ಗಡ್ಡೆ. ಮೊಣಕಾಲುದ್ದದ ಪಟ್ಟಿಯಂಥ ಎಲೆ. ಮುಂಗಾರಿನ ಮೊದಲ ನಾಲ್ಕು ಮಳೆ ಬಿದ್ದರೆ ಸಾಕು, ಕೆಸರಿನಿಂದ ಒಂದು ದಂಟು ಎದ್ದು ಐದಾರು ಬಿಳಿ ಹೂ ಬಿಡುತ್ತದೆ. ಎಸಳು ಸಣ್ಣವು, ನಡುವೆ ನೇರಳೆ ಬಣ್ಣದ ಕೇಸರಗಳು, ಸಂಜೆಯಾದರೆ ಓಣಿಯ ತನಕ ವಾಸನೆ. ಬೇಸಿಗೆಗೆ ಎಲೆ ಒಣಗಿ ಸತ್ತಂತೆ ಬಿದ್ದಿರುತ್ತದೆ, ಮತ್ತೆ ಮಳೆಗೆ ಏಳುತ್ತದೆ. ಆಷಾಢದ ಮಂಗಳವಾರಗಳಲ್ಲಿ ನಮ್ಮ ಊರಿನ ಹುಡುಗಿಯರು ಕೆರೆಯ ಮಣ್ಣು ತಂದು ಗುಳ್ಳವ್ವನನ್ನು ಮಾಡಿ ಕೂರಿಸುವಾಗ ಅವಳ ತಲೆಗೆ ಇದೇ ಹೂವು. ಈಗ ನಮ್ಮ ಊರಿನ ಕೆರೆ ಸಂತೆಯ ಬಯಲಾಗಿದೆ, ಗುಳ್ಳವ್ವನ ತಲೆಗೆ ಪ್ಲಾಸ್ಟಿಕ್ ಗುಲಾಬಿ ಬಂದಿದೆ. ದೇವರ ತಲೆಗೆ ಪ್ಲಾಸ್ಟಿಕ್! ಇದನ್ನು ನೋಡಿಯೂ ಸುಮ್ಮನಿರುವವರು ಶಾಂತ ಸ್ವಭಾವದವರು ಎಂದು ಜನ ಹೊಗಳುತ್ತಾರೆ. ನನ್ನನ್ನು ಯಾರೂ ಹಾಗೆ ಹೊಗಳಿದ್ದಿಲ್ಲ.

ಕಿತ್ತೂರಿನಲ್ಲಿ ಇಳಿದು ಕೋಟೆಯ ಕಡೆ ತಲೆ ಎತ್ತಿಯೂ ನೋಡದೆ ಊರ ಹೊರಗಿನ ಕೆರೆಗೆ ನಡೆದೆ. ಎರಡು ಮೈಲಿ. ಕಾಲೇಜಿನ ದಿನಗಳಲ್ಲಿ ಒಮ್ಮೆ ಆ ಕೆರೆಗೆ ಬಂದದ್ದಿತ್ತು, ದಾರಿ ಗುರುತು ಸಿಕ್ಕಿತು. ಕೆರೆಯೂ ಸಿಕ್ಕಿತು, ದಂಡೆ ಮಾತ್ರ ಸಿಗಲಿಲ್ಲ. ಸುತ್ತಲೂ ಕಲ್ಲು ಕಟ್ಟಿ ನೀರನ್ನು ತೊಟ್ಟಿಗೆ ಹಾಕಿದ ಹಾಗೆ ಮಾಡಿಟ್ಟಿದ್ದರು. ದಂಡೆಯೆಂದರೆ ಪೂರಾ ನೀರೂ ಅಲ್ಲದ, ಪೂರಾ ನೆಲವೂ ಅಲ್ಲದ ಮೆತ್ತನೆಯ ಜಾಗ. ಕಪ್ಪೆಯ ಸಂಸಾರ, ಹೂವಿನ ಸಂಸಾರ ಎಲ್ಲ ಅಲ್ಲಿಯೇ. ಅದನ್ನೇ ಕಳೆದು, ಕೆರೆ ಸುಧಾರಿಸಿದೆ ಎಂದು ಒಂದು ಫಲಕ ಬೇರೆ ನಿಲ್ಲಿಸಿದ್ದರು. ನಾನು ಆ ಫಲಕಕ್ಕೇ ಒಂದಿಷ್ಟು ಬೈದೆ.

ಎಮ್ಮೆಗಳಿಗೆ ನೀರು ಕುಡಿಸುತ್ತಿದ್ದ ಒಬ್ಬ ಮುದುಕ ಅದನ್ನು ಕೇಳಿಸಿಕೊಂಡು ನಗುತ್ತ ಹತ್ತಿರ ಬಂದ. ಹೆಸರು ದ್ಯಾಮಣ್ಣ.

"ಅಜ್ಜಾರ, ಇಲ್ಲಿ ಮೊದಲ ಬಿಳೀ ಹೂ ಇದ್ದೂವೇನು? ಈ ಕಲ್ಲ ಕಟ್ಟಾವ್ರ ಕಿತ್ತರೇನು?" ಎಂದೆ.

"ಕಲ್ಲ ಕಟ್ಟಾವ್ರು ಮೊನ್ನಿ ಮೊನ್ನಿ ಬಂದ್ರು ಬಿಡ್ರಿ. ಹೂ ಹೋಗಿ ಹದಿನೈದ ವರ್ಷ ಆತು. ಕಾಲೇಜ ಹುಡುಗೂರ ಬಂದಿದ್ರು, ತಲೀಗೆ ಬಿಳೀ ಟೊಪಗಿ ಹಾಕ್ಕೊಂಡ. ಕೆರಿ ಸ್ವಚ್ಛ ಮಾಡತೇವಿ ಅಂದ್ರು. ಸುಡು ಬ್ಯಾಸಗಿ, ಹೂ ಇಲ್ಲ, ಎಲಿ ಇಲ್ಲ, ಬರೇ ಗಡ್ಡಿ. ಹುಚ್ಚ ಉಳ್ಳಾಗಡ್ಡಿ ಇದು, ಕಸ, ಅಂತ ಒಂದ ವಾರ ಕಿತ್ತ ಕಿತ್ತ ಗುಡ್ಡಿ ಹಾಕಿದ್ರು. ಬ್ಯಾಡ್ರೋ ಅಂದ್ರ, ನಿಮಗೇನ ತಿಳೀತೈತಿ ಅಜ್ಜ ಅಂದ್ರು. ಆಗ ನಾ ಅಜ್ಜ ಸೈತ ಆಗಿದ್ದಿಲ್ಲ."

ಆ ಬಿಳಿ ಟೊಪ್ಪಿಗೆಗಳಲ್ಲಿ ಒಂದು ನನ್ನದು. ಶಿಬಿರ ನೆನಪಿತ್ತು, ಹುಚ್ಚು ಉಳ್ಳಾಗಡ್ಡಿ ಕಿತ್ತದ್ದು ನೆನಪಿತ್ತು, ಆ ಗುಡ್ಡೆಯ ಮುಂದೆ ಸಲಿಕೆ ಹಿಡಿದು ಫೋಟೋ ತೆಗೆಸಿಕೊಂಡದ್ದೂ ನೆನಪಿತ್ತು. ಅವ್ವನ ಕೆರಿ ಹೂವೂ ನಾನು ಕಿತ್ತ ಗಡ್ಡೆಯೂ ಒಂದೇ ಎಂಬುದು ಮಾತ್ರ, ಹನ್ನೆರಡು ವರ್ಷ ಮಕ್ಕಳಿಗೆ ಸಸ್ಯಗಳ ಪಾಠ ಹೇಳಿದ ಈ ತಲೆಗೆ ಅಂದಿನವರೆಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು. ದ್ಯಾಮಣ್ಣನಿಗೆ ಹೇಳುವ ಧೈರ್ಯವಾಗಲಿಲ್ಲ. ಬಂದ ದಾರಿಯಲ್ಲೇ ನಡೆದು, ಮಧ್ಯಾಹ್ನದ ಬಸ್ಸಿಗೆ ಬೈಲಹೊಂಗಲಕ್ಕೆ ಮರಳಿದೆ. ಖಾಲಿ ಚೀಲ ನೋಡಿ ನನ್ನ ಹೆಂಡತಿ ಚಹಾಕ್ಕೆ ನೀರಿಟ್ಟಳು. ನನ್ನ ಮೋರೆಯೇ ಹೇಳಿರಬೇಕು.

ಶುಕ್ರವಾರ ಸವದತ್ತಿ. ತಪ್ಪು ನನ್ನದೂ ಹೌದೆಂದು ತಿಳಿದ ಮೇಲೆ ಸಿಟ್ಟು ಇಳಿಯಬೇಕಿತ್ತು, ಆದರೆ ಇಮ್ಮಡಿಯಾಗಿತ್ತು. ಬಸ್ಸು ಗುಂಡಿಗಳಲ್ಲಿ ಎದ್ದು ಬಿದ್ದು ಎರಡು ತಾಸಿಗೆ ತಲುಪಿತು. ಖಾನಾವಳಿಯಲ್ಲಿ ಎರಡು ಜೋಳದ ರೊಟ್ಟಿ, ಎಣಗಾಯಿ ಪಲ್ಯ, ಮೇಲೆ ಶೇಂಗಾ ಚಟ್ನಿ. ಊಟದ ಬಗ್ಗೆ ದೂರು ಹೇಳಲು ಏನೂ ಸಿಗಲಿಲ್ಲ. ಅಲ್ಲಿಯೇ ವಿಚಾರಿಸಿದಾಗ ಊರಾಚೆ ರಸ್ತೆಯ ಮಗ್ಗುಲಿಗೆ ಒಂದು ಹೊಸ ನರ್ಸರಿ ಇದೆ ಎಂದರು.

ನರ್ಸರಿಯ ಬಾಗಿಲಲ್ಲಿ ಸಿಮೆಂಟಿನ ಕಪ್ಪೆಯೊಂದು ಬಾಯಿ ತೆರೆದು ಕುಳಿತಿತ್ತು. ಒಳಗೆ ಸಫಾರಿ ತೊಟ್ಟ ಮಾಲೀಕ. ಒಂದು ದೊಡ್ಡ ಗುಂಡಿ ತೋಡಿ, ಅದಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಮಣ್ಣು ತುಂಬಿಸಿ ನೀರು ಬಿಡಿಸುತ್ತಿದ್ದ. ಏನಿದು ಎಂದರೆ, "ಕೆಸರಿನ ತ್ವಾಟ್ರಿ. ಈಗ ಬಂಗ್ಲೇದಾವ್ರು ಮಾಡಸಾಕ ಹತ್ಯಾರ. ಗಿಡಾ ಎಲ್ಲಾ ಪುಣೇದಿಂದ ತರಸೇನಿ, ಹೊರದೇಶದ್ದು" ಎಂದು ಹೆಮ್ಮೆಯಿಂದ ಹೇಳಿದ.

ನನಗೆ ನೆತ್ತಿಗೇರಿತು. ದೇವರು ಕೊಟ್ಟ ಕೆಸರಿಗೆ ಸಿಮೆಂಟು ಬಡಿಯುವುದು, ಆಮೇಲೆ ಪ್ಲಾಸ್ಟಿಕ್ ಹಾಸಿ ಕೆಸರನ್ನು ಕೊಳ್ಳುವುದು! ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೂ ಗರಜು ನನ್ನದಾಗಿತ್ತು, ಧ್ವನಿ ತಗ್ಗಿಸಿ ಕೆರೆ ಹೂವಿನ ವರ್ಣನೆ ಮಾಡಿದೆ. ಕೈಯಲ್ಲಿ ಎಲೆಯ ಅಳತೆ ತೋರಿಸಿದೆ. ಕಾಗದದ ಮೇಲೆ ಚಿತ್ರವನ್ನೂ ಬರೆದೆ.

"ಇದಕ್ಕ ಹೆಸರೇನ್ರಿ?" ಎಂದ.

"ಕೆರಿ ಹೂ."

"ಅದು ಹೆಸರಲ್ರಿ ಸರ. ನಂಬರೀಲೆ ಆಗ್ಲಿ, ಇಂಗ್ಲಿಷಿಲೆ ಆಗ್ಲಿ ಒಂದ ಹೆಸರ ಬೇಕು. ಹೆಸರಿಲ್ಲದ್ದನ್ನ ನಾ ಹೆಂಗ ಮಾರ್ಲಿ? ಅದರಾಗ ಕೆರ್‍ಯಾಗ ಪುಕ್ಕಟ ಬೆಳಿಯೂದಕ್ಕ ಯಾರ ರೊಕ್ಕ ಕೊಡ್ತಾರ?"

"ಕೆರ್‍ಯಾಗ ಈಗ ಬೆಳಿಯೂದಿಲ್ಲ. ಅದಕ್ಕ ನಿಮ್ಮ ಕಡೆ ಬಂದೇನಿ!"

"ಬೆಳಿಯೂದಿಲ್ಲ ಅಂದ್ರ ಸಿಗೂದೂ ಇಲ್ಲ ಬಿಡ್ರಿ" ಎಂದು ಅವನು ಮಾತು ಮುಗಿಸಿದ. ಹೊರಗೆ ಬರುವಾಗ ಆ ಸಿಮೆಂಟಿನ ಕಪ್ಪೆಯ ಬಾಯಿಗೆ ನನ್ನ ಚಿತ್ರದ ಕಾಗದವನ್ನು ತುರುಕಿ ಬಂದೆ. ಮಾಸ್ತರನಾದವನು ಮಾಡುವ ಕೆಲಸವಲ್ಲ, ಒಪ್ಪುತ್ತೇನೆ. ಆ ರಾತ್ರಿ ಸವದತ್ತಿಯ ಒಂದು ಲಾಡ್ಜಿನಲ್ಲಿ ಹಾಸಿಗೆಗೆ ಬೆನ್ನು ಹಚ್ಚಿದೆ, ಸೊಳ್ಳೆಗಳ ಕೃಪೆಯಿಂದ ನಿದ್ದೆ ಅಷ್ಟಕ್ಕಷ್ಟೇ.

ಶನಿವಾರ ಬೆಳಿಗ್ಗೆ ಟೆಂಪೋ ಹಿಡಿದು ಮನೋಳಿಗೆ ಹೋದೆ. ಕೆರೆ ಕೈಬಿಟ್ಟರೆ ಹೊಳೆಯಾದರೂ ಹಿಡಿದೀತು ಎಂಬ ಆಸೆ. ಮಲಪ್ರಭೆ ಕೆಂಪಾಗಿ ಸಣ್ಣಗೆ ಹರಿಯುತ್ತಿದ್ದಳು. ಕಬ್ಬನ್ನು ನೀರಿನ ಅಂಚಿನ ತನಕ ಹಚ್ಚಿದ್ದರು, ಕಾಲಿಡಲು ಜಾಗವಿಲ್ಲ. ಹೊಳೆಯ ಉದ್ದಕ್ಕೂ ಒಂದು ಮೈಲಿ ಕೆಸರು ತುಳಿದೆ, ಒಂದು ಚಪ್ಪಲಿ ಹೋಯಿತು. ಅದನ್ನು ಹುಡುಕಿ ತೆಗೆದುಕೊಟ್ಟವರು ಪಂಪ್‌ಸೆಟ್ಟಿನ ಬಳಿ ಕುಳಿತಿದ್ದ ಮೌಲಾಸಾಬ ಎಂಬ ರೈತರು. ನನಗಿಂತ ಹತ್ತು ವರ್ಷ ಹಿರಿಯರು, ಬಿಳಿ ಗಡ್ಡ, ಅವಸರವಿಲ್ಲದ ಮಾತು.

ನಾನು ಕಿತ್ತೂರಿನಿಂದ ಹಿಡಿದು ಸಿಮೆಂಟಿನ ಕಪ್ಪೆಯವರೆಗೆ ನನ್ನ ಪುರಾಣವನ್ನೆಲ್ಲ ಒದರಿದೆ. ಅವರು ಬೀಡಿ ಸೇದುತ್ತ ಪೂರ್ತಿ ಕೇಳಿದರು.

"ಸಿಟ್ಟ ಮಾಡಬ್ಯಾಡ್ರಿ ಮಾಸ್ತರ, ಪಿತ್ತ ಆಕ್ಕೈತಿ" ಎಂದರು. "ಆ ಗಡ್ಡಿ ನನಗ ಗೊತ್ತೈತಿ. ಮೊಣಕಾಲ ಬಾತ್ರ ನಮ್ಮ ಅಮ್ಮಾ ಅದನ್ನ ಬೆಚ್ಚಗ ಮಾಡಿ ಕಟ್ತಿದ್ಲು. ಈ ದಂಡೀಗೆ ಇದ್ದೂ, ಕಬ್ಬಿನಾಗ ಹೋದೂ. ನಾನೂ ಕಿತ್ತೇನಿ, ಸುಳ್ಳ ಯಾಕ ಹೇಳ್ಲಿ? ಆದ್ರ ಸುರೇಬಾನದಾಗ ನನ್ನ ತಂಗೀ ಮನಿ ಐತಿ. ಮಗ್ಗಲ ಮನ್ಯಾಗ ನೀಲವ್ವ ಅಂತ ಒಬ್ಬಾಕಿ ಮುದುಕಿ ಅದಾಳು. ಆಕಿ ಬಚ್ಚಲದ ಹಿಂದ ನೋಡೇನಿ, ಹ್ವಾದ ವರ್ಷ ಸೈತ ಹೂ ಬಿಟ್ಟಿತ್ತು."

ನನಗೆ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು. ಅವರು ನನ್ನ ಕಾಲಿನ ಕೆಸರು ನೋಡಿ ಹಿಂದೆ ಸರಿದರು.

ಮನೋಳಿಯಿಂದ ಯರಗಟ್ಟಿಗೆ ಬಂದು, ಸ್ಟ್ಯಾಂಡಿನ ಎದುರು ಚುರಮರಿ, ಮಿರ್ಚಿ ತಿಂದು ಎರಡು ತಾಸು ಕಾದೆ. ರಾಮದುರ್ಗದ ಬಸ್ಸು ಸಂತೆಯ ಜನ, ಕೋಳಿ, ಬುಟ್ಟಿಗಳಿಂದ ತುಂಬಿತ್ತು. ನಿಂತೇ ಹೋದೆ. ರಾಮದುರ್ಗದಲ್ಲಿ ಉಳಿದು, ಭಾನುವಾರದ ಮೊದಲ ಬಸ್ಸಿಗೆ ಸುರೇಬಾನಕ್ಕೆ ಹೋದೆ. ಮಳೆ ನಿಂತಿತ್ತು. ಎರೆ ಹೊಲಗಳ ಮೇಲೆ ಬಿಸಿಲು ಬಿದ್ದು ಹಬೆ ಏಳುತ್ತಿತ್ತು.

ನೀಲವ್ವನ ಮನೆ ಒಬ್ಬರನ್ನು ಕೇಳಿದ್ದಕ್ಕೇ ಸಿಕ್ಕಿತು. ಎಪ್ಪತ್ತು ದಾಟಿದ ಹೆಂಗಸು, ಹಣೆ ತುಂಬ ವಿಭೂತಿ, ಇಳಕಲ್ಲ ಸೀರೆ, ಕೈಯಲ್ಲಿ ತಂಬಿಗೆ. ಮಗ ಹೊಲಕ್ಕೆ ಹೋಗಿದ್ದ, ಸೊಸೆ ಶಾಂತವ್ವ ಅಂಗಳಕ್ಕೆ ಸಗಣಿ ಸಾರಿಸುತ್ತಿದ್ದಳು. ಮೌಲಾಸಾಬರ ಹೆಸರು ಹೇಳಿದ್ದೇ ತಡ, ನೀಲವ್ವ "ಬರ್ರಿ, ಒಳಗ ಬರ್ರಿ" ಎಂದು ಕರೆದು ಸೀದಾ ಹಿತ್ತಲಿಗೆ ಕರೆದೊಯ್ದರು.

ಬಚ್ಚಲ ನೀರು ಒಂದು ಕಲ್ಲಿನ ಕಾಲುವೆಯಲ್ಲಿ ಹರಿದು ಗುಂಡಿಯೊಂದಕ್ಕೆ ಸೇರುತ್ತಿತ್ತು. ಅಂಚಿಗೆ ಕೆಸವಿನ ಎಲೆ, ಹಿಂದೆ ಎರಡು ಬಾಳೆ. ನಡುವೆ, ಕಪ್ಪು ರಾಡಿಯಲ್ಲಿ ಕಾಲೂರಿಕೊಂಡು, ನಮ್ಮ ಕೆರಿ ಹೂ. ಒಂದು ದಂಟಿನಲ್ಲಿ ನಾಲ್ಕು ಹೂ ಬಿಟ್ಟಿದ್ದವು, ಇನ್ನೊಂದರಲ್ಲಿ ಮೊಗ್ಗು. ಸಫಾರಿಯವನು ಪ್ಲಾಸ್ಟಿಕ್ ಹಾಸಿ ಮಾಡಲು ಹೊರಟಿದ್ದ ಕೆಸರಿನ ತೋಟ ಇಲ್ಲಿ ಮುಖ ತೊಳೆದ ನೀರಿನಲ್ಲಿ ತಾನಾಗಿ ನಿಂತಿತ್ತು. ನನ್ನ ಕಣ್ಣು ತುಂಬಿದವು. ಅವ್ವ ತೀರಿದ ಮೇಲೆ ಈ ಹೂವನ್ನು ನಾನು ಕಂಡದ್ದು ಅದೇ ಮೊದಲು.

"ಎಲ್ಲಿಂದ ಬಂತವ್ವಾ ಇದು?" ಎಂದು ಕೇಳಿದೆ.

"ನಾ ಕಿತ್ತೂರ ಕಡೀ ಮಗಳು. ಲಗ್ನ ಆದ ವರ್ಷ ತವರಿಗೆ ಹ್ವಾದಾಗ ಕೆರೀ ದಂಡ್ಯಾಗಿಂದ ಕದ್ದ ತಂದೇನಿ."

"ಕೆರೀದು ಕದಿಯೂದೇನವ್ವಾ? ಊರ ಮಂದೀದಲ್ಲ?"

"ಊರ ಮಂದೀದ ಹೆಂಗ ಆಕ್ಕೈತಿ? ನೀರಿನ ತಾಯಿ ಗಂಗವ್ವಂದು. ಆಕಿ ನೋಡದಾಂಗ ತಂದೇನಿ."

ಮುಚ್ಚಿಡಲು ಆಗಲಿಲ್ಲ. ಆ ಕೆರೆಯನ್ನು ಹದಿನೈದು ವರ್ಷದ ಹಿಂದೆ ಬೋಳಿಸಿದವರಲ್ಲಿ ನಾನೂ ಒಬ್ಬ ಎಂದು ಹೇಳಿಬಿಟ್ಟೆ. ನೀಲವ್ವನ ಮುಖ ಬಿಗಿಯಿತು. ಮೂರು ದಿನ ನಾನು ಊರೂರಿಗೆ ಹಂಚಿದ ಸಿಟ್ಟೆಲ್ಲ ಒಟ್ಟುಗೂಡಿ ನನ್ನ ಮೇಲೆಯೇ ಬಂತು.

"ಏನ ಮಂದೆಪ್ಪಾ ನೀವು! ಒಣಗಿದ್ದಕ್ಕೂ ಸತ್ತದ್ದಕ್ಕೂ ಫರಕ ತಿಳಿಯೂದಿಲ್ಲ, ಸಾಲಿ ಕಲಸ್ತಾರಂತ ಸಾಲಿ! ತಾಯಿ ಗಡ್ಡಿ ಸೈತ ಬಿಡಲಿಲ್ಲ? ನನ್ನ ತವರ ಕೆರೀನ ರಂಡಿ ಮಾಡಿ, ಈಗ ನನ್ನ ಬಚ್ಚಲಕ್ಕ ಬಂದೀರಿ?"

ತಲೆ ತಗ್ಗಿಸಿ ನಿಂತೆ. ಒಂದು ಮಾತೂ ಸುಳ್ಳಾಗಿರಲಿಲ್ಲ. ಕಡೆಗೆ, ಸಾಲಿಯ ಮೂಲೆಯಲ್ಲಿ ಹಚ್ಚುತ್ತೇನೆ, ಎರಡೇ ಗಡ್ಡೆ ಕೊಡಿ ಎಂದು ಬೇಡಿಕೊಂಡೆ.

"ಕೊಡೂದಿಲ್ಲ."

"ಅವ್ವಾ, ನಾಳೆ ಹತ್ತರ ಒಳಗ ತೋರಸ್ಲಿಲ್ಲಂದ್ರ ಸಿಮೆಂಟ ಹಾಕ್ತಾರ."

"ಕೊಡೂದಿಲ್ಲ ಅಂದ್ರ ಕೊಡೂದಿಲ್ಲ. ಈ ಹೂವಿನ ಗಡ್ಡೀನ ಯಾರಿಗೂ ಕೊಟ್ಟಿಲ್ಲ, ಕೊಡೂದೂ ಇಲ್ಲ. ನೀವ ಕುಂದರ್ರಿ. ಚಾಕ್ಕ ಹಾಲ ಬೇಕು, ಎಮ್ಮಿ ಹಿಂಡಾಕ ಹೊಂಟೇನಿ. ಹಿತ್ತಲದಾಗ ಯಾರೂ ಇಲ್ಲ. ಖುರಪಿ ಬಚ್ಚಲ ಗ್ವಾಡಿ ಮ್ಯಾಲ ಐತಿ." ಹೀಗೆಂದು ಚರಿಗೆ ಹಿಡಿದು ಕೊಟ್ಟಿಗೆಗೆ ನಡೆದುಬಿಟ್ಟರು.

ನಾನು ಕಟ್ಟೆಯ ಮೇಲೆ ಕುಳಿತೆ. ಕೊಡುವುದಿಲ್ಲ ಎಂದ ಮೇಲೆ ಕಳೆ ಕೀಳುವ ಖುರಪಿಯ ಸುದ್ದಿ ಯಾಕೆ ಬಂತೆಂದು ನನಗೆ ತಿಳಿಯಲಿಲ್ಲ. ಒಳಗೊಳಗೇ ಮತ್ತೆ ಸಿಟ್ಟು ಏರುತ್ತಿತ್ತು: ನಾಲ್ಕು ದಿನ ತಿರುಗಿ, ಹೂವಿನ ಎದುರು ಕುಳಿತು, ಬರಿಗೈಯಲ್ಲಿ ಹೋಗುವುದೆಂದರೆ! ಶಾಂತವ್ವ ಬಾಗಿಲಲ್ಲಿ ಬಂದು ಇಣುಕಿದಳು. ನಾನು ಕುಳಿತದ್ದು ಕಂಡು ಸೆರಗು ಬಾಯಿಗೆ ಹಿಡಿದು ನಕ್ಕಳು.

"ಹಿಂಗ್ಯಾಕ ಕುಂತೀರಿ ಸರ? ಕೇಳಿ ತಗೊಂಡದ್ದು, ಕೊಟ್ಟ ಕಳಿಸಿದ್ದು ನೆಲಕ್ಕ ಹತ್ತೂದಿಲ್ರಿ, ಕೊಳೀತೈತಿ. ಕದ್ದ ಒಯ್ದದ್ದ ಹತ್ತತೈತಿ. ತಾಯಿ ಗಡ್ಡಿ ಮುಟ್ಟಬ್ಯಾಡ್ರಿ, ಮಗ್ಗಲದಾಗಿನ ಮರಿ ತಗೋರಿ. ಲಗೂನ ಏಳ್ರಿ, ನಮ್ಮ ಎಮ್ಮಿ ಭಾಳ ಹಾಲ ಕೊಡೂದಿಲ್ಲ."

ಹನ್ನೆರಡು ವರ್ಷದಿಂದ ಶಾಲೆಯಲ್ಲಿ ಕಳ್ಳರನ್ನು ಹಿಡಿದು ಬೆಂಚಿನ ಮೇಲೆ ನಿಲ್ಲಿಸಿದ ಜಾತಿ ನಮ್ಮದು. ಪ್ಯಾಂಟು ಮಡಚಿ ರಾಡಿಗೆ ಇಳಿದು, ಮೂರು ಮರಿ ಗಡ್ಡೆ ಎಬ್ಬಿಸಿ, ಹಸಿ ಮಣ್ಣಿನ ಸಮೇತ ಗೋಣಿಚೀಲಕ್ಕೆ ಹಾಕಿದೆ. ತಾಯಿ ಗಡ್ಡೆಯ ಸುತ್ತ ಮಣ್ಣು ಒತ್ತಿ ಮೊದಲಿನಂತೆ ಮಾಡಿದೆ. ಕೊಟ್ಟಿಗೆಯಲ್ಲಿ ಹಾಲಿನ ಸದ್ದು ನಿಂತು ಬಹಳ ಹೊತ್ತಾಗಿತ್ತು, ನೀಲವ್ವ ಮಾತ್ರ ಹೊರಗೆ ಬರಲಿಲ್ಲ. ನಾನು ಕೈ ತೊಳೆದು ಕುಳಿತ ಮೇಲೆಯೇ ಬಂದರು. ಚಹಾ ಕೊಟ್ಟರು, ಮೊಸರು ರೊಟ್ಟಿ ಕೊಟ್ಟರು. ನೀರು ಸೋರುತ್ತಿದ್ದ ಚೀಲದ ಕಡೆ ಒಮ್ಮೆಯೂ ನೋಡಲಿಲ್ಲ. ಉಪಕಾರವಾಯಿತು ಎನ್ನಲು ಬಾಯಿ ತೆರೆದೆ. ಹಿಂದಿನಿಂದ ಶಾಂತವ್ವ ಕೈಸನ್ನೆ ಮಾಡಿದಳು, ಬಾಯಿ ಮುಚ್ಚಿದೆ.

ಮರಳುವ ಬಸ್ಸಿನಲ್ಲಿ ಕಂಡಕ್ಟರ್ ಚೀಲ ಮುಟ್ಟಿ ನೋಡಿ, "ಉಳ್ಳಾಗಡ್ಡಿ ಏನ್ರಿ?" ಎಂದ. ಎಂದಿನ ನಾನಾಗಿದ್ದರೆ ಯರಗಟ್ಟಿಯವರೆಗೆ ಅವನಿಗೆ ಪಾಠ ಹೇಳುತ್ತಿದ್ದೆ. ನಾನೇ ಒಮ್ಮೆ ಹಾಗೆ ಹೇಳಿದವನು. "ಹೂಂನ್ರಿ" ಎಂದೆ.

ಬೈಲಹೊಂಗಲ ಮುಟ್ಟಿದಾಗ ನಾಲ್ಕು ಗಂಟೆ. ಮನೆಗೂ ಹೋಗದೆ ಸೀದಾ ಶಾಲೆಗೆ ನಡೆದೆ. ಮೂಲೆ ಬೆಳ್ಳಗೆ ಮಿರುಗುತ್ತಿತ್ತು. ಸಿಮೆಂಟು ಹಾಕಿ ಮುಗಿದಿತ್ತು! ಹೆಡ್‌ಮಾಸ್ತರರು ಪಕ್ಕದಲ್ಲಿ ನಿಂತು ಸಿಪಾಯಿಯ ಕೈಯಿಂದ ಅದರ ಮೇಲೆ ಕೊಡಗಟ್ಟಲೆ ನೀರು ಹೊಯ್ಯಿಸುತ್ತಿದ್ದರು.

"ಸೋಮವಾರ ಅಂದಿದ್ರಲ್ರಿ!" ಎಂದು ಕೂಗಿದೆ.

"ಗೌಂಡಿ ನಿನ್ನೆ ಖಾಲಿ ಇದ್ದ. ನೀವೂ ಏನ ತರಾಂಗಿಲ್ಲ ಅನ್ನಸ್ತು" ಎಂದರು.

"ಮತ್ತ ಈ ನೀರ್ಯಾಕ?"

"ಎಂಟ ದಿನಾ ನೀರ ನಿಂದರಸಬೇಕು ಮಾಸ್ತರ. ಇಲ್ಲಂದ್ರ ಸಿಮೆಂಟ ಬಿರೀತೈತಿ."

ನೀರು ನಿಲ್ಲಬಾರದೆಂದು ಹಾಕಿದ ಸಿಮೆಂಟಿನ ಮೇಲೆ ನೀರು ನಿಲ್ಲಿಸುತ್ತಿದ್ದರು! ನಾನು ಅಂದು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಸಿಪಾಯಿ ಕೊಡ ಬಿಟ್ಟು ಗೇಟಿನ ಆಚೆ ಹೋಗಿ ನಿಂತ. ಹೆಡ್‌ಮಾಸ್ತರರು ಆ ಕೊಡವನ್ನು ತಾವೇ ಎತ್ತಿ ನೀರು ಹೊಯ್ದರು. ಗಡ್ಡೆಗಳನ್ನು ಒಯ್ದು ನನ್ನ ಬಾಡಿಗೆ ಮನೆಯ ಬಚ್ಚಲ ಹಿಂದೆ ಹಚ್ಚಿದೆ.

ಮೂರೂ ಹತ್ತಿದವು. ಬೇಸಿಗೆಗೆ ಎಲೆ ಒಣಗಿತು, ಈ ಸಲ ನಾನು ಹೆದರಲಿಲ್ಲ. ಮರುವರ್ಷದ ಆಷಾಢದಲ್ಲಿ ದಂಟು ಎದ್ದು ಹೂ ಬಿಟ್ಟವು. ಮಂಗಳವಾರ ಓಣಿಯ ಹುಡುಗಿಯರು ಗುಳ್ಳವ್ವನಿಗೆಂದು ಒಂದೊಂದು ಹೂ ಒಯ್ದರು. ಅವರಲ್ಲಿ ಹೆಡ್‌ಮಾಸ್ತರರ ಮೊಮ್ಮಗಳೂ ಇದ್ದಳು. ಅವಳನ್ನು ಕರೆದೊಯ್ಯಲು ಬಂದ ಅವರು ಹಿತ್ತಲ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. "ನಮ್ಮ ಅಕ್ಕ ಇದನ್ನ ಕದ್ದ ತರತಿದ್ಲು" ಎಂದಷ್ಟೇ ಹೇಳಿ ಹೋದರು. ನಾನು ಶಾಂತವ್ವನ ಮಾತನ್ನು ಅವರಿಗೆ ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಅಷ್ಟು ಸಿಟ್ಟು ಇನ್ನೂ ಉಳಿದಿತ್ತು.

ಆ ಭಾನುವಾರ ಮಧ್ಯಾಹ್ನ ಹಿತ್ತಲಲ್ಲಿ ಏನೋ ಕೆರೆದ ಸದ್ದಾಯಿತು. ಕಿಟಕಿಯಿಂದ ನೋಡಿದೆ. ಹೆಡ್‌ಮಾಸ್ತರರು ಧೋತರ ಎತ್ತಿ ಕಟ್ಟಿ, ನನ್ನ ಬಚ್ಚಲ ರಾಡಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಖುರಪಿ ಆಡಿಸುತ್ತಿದ್ದರು. ನಿವೃತ್ತಿಗೆ ಎರಡೇ ವರ್ಷವಿದ್ದ ಮನುಷ್ಯ! ಒಂದು ವರ್ಷದಿಂದ ಕೂಡಿಟ್ಟ ಬೈಗಳೆಲ್ಲ ನನ್ನ ನಾಲಿಗೆಯ ತುದಿಗೆ ಬಂದವು. ಎದ್ದು ಬಾಗಿಲ ತನಕ ಹೋದೆ. ಅವರು ತಾಯಿ ಗಡ್ಡೆಯನ್ನು ಮುಟ್ಟದೆ ಪಕ್ಕದ ಮರಿಯನ್ನು ಎಬ್ಬಿಸುತ್ತಿದ್ದರು. ನೋಡಿದೆ, ತಿರುಗಿ ಬಂದು ಕುಳಿತೆ.

"ಹಿತ್ತಲಕಡೆ ಯಾರೋ ಬಂದಾಂಗೈತಿ" ಎಂದು ಹೆಂಡತಿ ಎದ್ದಳು.

"ಯಾರೂ ಇಲ್ಲ. ನೀ ಕುಂದ್ರು, ಇನ್ನೊಂದ ಕಪ್ ಚಾ ಹಾಕು" ಎಂದೆ.

ಸೋಮವಾರ ಶಾಲೆಗೆ ಹೋದಾಗ ನಲ್ಲಿಯ ಮೂಲೆಯಲ್ಲಿ ಸಿಮೆಂಟನ್ನು ಒಂದು ಮೊಳ ಒಡೆದಿದ್ದರು. ಒಳಗಿನ ಹಸಿ ಮಣ್ಣಿನಲ್ಲಿ ಒಂದು ಗಡ್ಡೆ ಕುತ್ತಿಗೆಯವರೆಗೆ ಹೂತು ಕುಳಿತಿತ್ತು. ಹೆಡ್‌ಮಾಸ್ತರರು ವರಾಂಡದಲ್ಲಿ ನಿಂತು ಕನ್ನಡಕ ಒರೆಸುತ್ತಿದ್ದರು. ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೇಳಿದರೆ ಹತ್ತುವುದಿಲ್ಲ.